ಮಗಳು ಜರ್ಸಿಯಲ್ಲಿ ಹುಟ್ಟಿದವಳು, ಫ್ರಾನ್ಸಿನಲ್ಲಿ ಇದ್ದು ಕೆಲಸ ಮಾಡಬಹುದಾ?

ಕಡಲಂಚಿನವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾವಿರುವುದು ಜರ್ಸಿಯಲ್ಲಿ. ನಮ್ಮವರಿಗೆ ಜರ್ಸಿ ಅಂದ ತಕ್ಷಣ ಹಸು ನೆನಪಾಗುತ್ತದೆ, ಆ ಹಸುವಿನ ತವರೂರು ಇದೇ ದ್ವೀಪ. ಫ್ರಾನ್ಸಿನ ದಡ ಇಲ್ಲಿಂದ ಸುಮಾರು 22 ಕಿಲೋಮೀಟರ್. ಇಂಗ್ಲೆಂಡ್ 100 ಕಿಲೋಮೀಟರಿಗೂ ಜಾಸ್ತಿ ದೂರ. ಮೋಡ ಇಲ್ಲದ ದಿನ ಪೂರ್ವದಲ್ಲಿರುವ ಗೋರಿ ಅನ್ನುವ ಊರಿನ ಕಡೆ ನಿಂತರೆ ಫ್ರಾನ್ಸ್ ಬರಿಗಣ್ಣಿಗೇ ಕಾಣುತ್ತದೆ.

ಮಗಳಿಗೆ ಈಗ 18. 2007ರಲ್ಲಿ ಇಲ್ಲೇ ಹುಟ್ಟಿದಳು. ಅವಳು ಹುಟ್ಟುವ ಹೊತ್ತಿಗೆ ನಮಗೆ ಕಾಯಂ ವಾಸದ ಅನುಮತಿ ಸಿಕ್ಕಿದ್ದರಿಂದ ಅವಳು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಫ್ರೆಂಚ್ ಚೆನ್ನಾಗಿ ಬರುತ್ತದೆ. ರೆನ್ ನಗರದಲ್ಲಿ ಓದಬೇಕು, ಆಮೇಲೆ ಅಲ್ಲೇ ಕೆಲಸ ಹುಡುಕಬೇಕು ಅಂತ ಅವಳ ಆಸೆ. ನನಗೆ ಭಯ ಇರುವುದು ಒಂದು ಹಳೇ ಮುದ್ರೆಯ ವಿಷಯದಲ್ಲಿ.

2009ರಲ್ಲಿ ನನಗೆ ಇಲ್ಲಿ ಬ್ರಿಟಿಷ್ ಪೌರತ್ವ ಬಂತು. ಪಾಸ್‌ಪೋರ್ಟ್ ಕೈಗೆ ಬಂದ ಖುಷಿಯಲ್ಲಿ ಪುಟ ತಿರುವಿದರೆ ಒಳಗೆ ಒಂದು ಸಾಲು. ಉದ್ಯೋಗ ಮತ್ತು ನೆಲೆಸುವಿಕೆಗೆ ಸಂಬಂಧಪಟ್ಟ ಐರೋಪ್ಯ ಒಕ್ಕೂಟದ ಸೌಲಭ್ಯ ಈ ಪಾಸ್‌ಪೋರ್ಟ್ ಇರುವವರಿಗೆ ಇಲ್ಲ, ಅನ್ನುವ ಅರ್ಥದ್ದು. ಆಗ ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ವರ್ಷ ಆದ ಮೇಲೆ ಆಫೀಸಿನಿಂದ ಲಕ್ಸೆಂಬರ್ಗ್‌ಗೆ ಹೋಗುವ ಅವಕಾಶ ಬಂತು. ಮನೆ ನೋಡುವವರೆಗೂ ಮಾತಾಗಿತ್ತು. ಕೊನೇ ಗಳಿಗೆಯಲ್ಲಿ ಅಲ್ಲಿಯವರು ಪಾಸ್‌ಪೋರ್ಟ್ ಪ್ರತಿ ನೋಡಿ, ನಿಮಗೆ ಕೆಲಸದ ಪರವಾನಗಿ ಬೇಕಾಗುತ್ತದೆ, ಅಷ್ಟು ಕಾಯಲು ಆಗಲ್ಲ ಅಂದುಬಿಟ್ಟರು. ನನ್ನ ಬದಲು ಹೋದವನು ಪಕ್ಕದ ಮೇಜಿನ ಸಹೋದ್ಯೋಗಿ. ಅವನೂ ಇಲ್ಲೇ ಹುಟ್ಟಿದವನು, ಅವನ ಅಪ್ಪ ಅಮ್ಮನೂ ಇಲ್ಲೇ ಹುಟ್ಟಿದವರು. ಆದರೆ ಅಜ್ಜಿ ಒಬ್ಬರು ಸೌತಾಂಪ್ಟನ್‌ನಲ್ಲಿ ಹುಟ್ಟಿದ್ದರಂತೆ, ಅದಕ್ಕೆ ಅವನ ಪಾಸ್‌ಪೋರ್ಟಿನಲ್ಲಿ ಆ ಸಾಲು ಇರಲಿಲ್ಲ! ನಾನು ಜರ್ಸಿಗೆ ಬರುವ ಮುಂಚೆ ಲೀಡ್ಸ್‌ನಲ್ಲಿ 4 ವರ್ಷ 5 ತಿಂಗಳು ಇದ್ದೆ. ಇನ್ನು 7 ತಿಂಗಳು ಅಲ್ಲೇ ಇದ್ದಿದ್ದರೆ ನನಗೂ ಆ ಸಾಲು ಬೀಳುತ್ತಿರಲಿಲ್ಲವಂತೆ. ಇದು ಗೊತ್ತಾದ ದಿನ ನಾನು ಊಟ ಮಾಡಲಿಲ್ಲ.

ಮಗಳ ಚಿಕ್ಕಂದಿನ ಪಾಸ್‌ಪೋರ್ಟಿನಲ್ಲೂ ಆ ಸಾಲು ಇತ್ತು. ಹೋದ ಸಲ ಮಾಡಿಸಿದ ನೀಲಿ ಪಾಸ್‌ಪೋರ್ಟಿನಲ್ಲಿ ಇಲ್ಲ. ಅಂದರೆ ದಾರಿ ತೆರೆಯಿತು ಅಂತಲಾ? ಅಥವಾ ಮೊದಲು ಇಂಗ್ಲೆಂಡಿನಲ್ಲಿ ಓದಿ ಐದು ವರ್ಷ ಕಳೆಯಲಿ, ಆಮೇಲೆ ಫ್ರಾನ್ಸಿಗೆ ಹೋಗಲಿ ಅಂತ ಹೇಳಲಾ? ಗೊತ್ತಿದ್ದವರು ಹೇಳಿ.


ಮ್ಯಾಂಚೆಸ್ಟರ್ ಮಾವ:

ಐದು ವರ್ಷದ ದಾರಿಯೇ ಸರಿ ಸರ್. ನನ್ನ ಸ್ನೇಹಿತನೊಬ್ಬ ಐಲ್ ಆಫ್ ಮ್ಯಾನ್‌ನವನು, ಲಿವರ್‌ಪೂಲ್‌ನಲ್ಲಿ ಓದಿ ಕೆಲಸ ಮಾಡಿ ಐದು ವರ್ಷ ತುಂಬಿಸಿಕೊಂಡು ಪಾಸ್‌ಪೋರ್ಟ್ ಬದಲಾಯಿಸಿಕೊಂಡ, ಸೀದಾ ಸ್ಪೇನಿಗೆ ಹೋದ. ಯಾರೂ ಒಂದು ಮಾತು ಕೇಳಲಿಲ್ಲ. ಮಗಳನ್ನು ಇಲ್ಲಿಗೆ ಕಳಿಸಿ, ಓದು ಮೂರು ವರ್ಷ, ಕೆಲಸ ಎರಡು ವರ್ಷ, ಲೆಕ್ಕ ಸರಿಹೋಯ್ತು.


ಸಂಜೆಮಲ್ಲಿಗೆ:

ಮಾವ, ನಿಮ್ಮ ಸ್ನೇಹಿತ ಹೋಗಿದ್ದು 2020ಕ್ಕೆ ಮುಂಚೆ ಇರಬೇಕು. ಈಗ ಆ ಲೆಕ್ಕ ನಡೆಯುವುದಿಲ್ಲ. ಕಡಲಂಚಿನವರೇ, ದಯವಿಟ್ಟು ಆ ಸಲಹೆ ನಂಬಿ ಮಗಳ ಐದು ವರ್ಷ ಕಳೆಯಬೇಡಿ.

ನಾನು ಇರುವುದು ಗರ್ನ್ಸಿಯಲ್ಲಿ, ನಿಮ್ಮ ಪಕ್ಕದ ದ್ವೀಪ. ನನ್ನ ಪಾಸ್‌ಪೋರ್ಟಿನಲ್ಲೂ ಆ ಸಾಲು ಇತ್ತು, ಹಾಗಾಗಿ ಇದರ ಹಿಂದೆ ಬಿದ್ದು ಓದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಮೂಲ ಗೊತ್ತಾಗದಿದ್ದರೆ ಸಾಲು ಹೋಗಿದ್ದು ಒಳ್ಳೇ ಸುದ್ದಿ ಅಂತ ನಿಮ್ಮ ಹಾಗೇ ಎಲ್ಲರೂ ಅಂದುಕೊಳ್ಳುತ್ತಾರೆ.

ಜರ್ಸಿ, ಗರ್ನ್ಸಿ, ಐಲ್ ಆಫ್ ಮ್ಯಾನ್ ಮೂರೂ ಬ್ರಿಟನ್ ದೇಶದ ಭಾಗ ಅಲ್ಲ. ರಾಜನಿಗೆ ಸೇರಿದವು, ಬ್ರಿಟನ್ನಿನ ಸಂಸತ್ತಿಗೆ ಇಲ್ಲಿಂದ ಯಾರನ್ನೂ ಆರಿಸಿ ಕಳಿಸುವುದಿಲ್ಲ. ನಮ್ಮ ಚಾನಲ್ ದ್ವೀಪಗಳು ಹಿಂದೆ ನಾರ್ಮಂಡಿಯ ಡ್ಯೂಕನ ಕೈಯಲ್ಲಿದ್ದವು. 1204ರಲ್ಲಿ ಜಾನ್ ರಾಜ ನಾರ್ಮಂಡಿಯ ನೆಲ ಕಳೆದುಕೊಂಡಾಗ ಈ ದ್ವೀಪಗಳು ಮಾತ್ರ ಇಂಗ್ಲೆಂಡಿನ ರಾಜನ ಜತೆ ಉಳಿದುಕೊಂಡವು. ಅಲ್ಲಿಂದ ಇಲ್ಲಿವರೆಗೂ ನಮ್ಮದು ಅತ್ತ ಪೂರ್ತಿ ಒಳಗೂ ಅಲ್ಲ, ಇತ್ತ ಪೂರ್ತಿ ಹೊರಗೂ ಅಲ್ಲ ಅನ್ನುವ ಸ್ಥಿತಿ.

1973ರ ಜನವರಿ 1ಕ್ಕೆ ಬ್ರಿಟನ್ ಐರೋಪ್ಯ ಸಮುದಾಯ, ಅಂದರೆ ಈಗಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪ, ಸೇರಿತು. ಆಗ ದ್ವೀಪಗಳು ಏನು ಮಾಡಬೇಕು ಅನ್ನುವುದು ದೊಡ್ಡ ತಲೆನೋವಾಯಿತು. ಪೂರ್ತಿ ಸೇರಿದರೆ ತೆರಿಗೆ, ಜನರ ಓಡಾಟ ಎಲ್ಲ ಅವರ ನಿಯಮಕ್ಕೆ ಬರಬೇಕು. ಸೇರದಿದ್ದರೆ ಟೊಮೇಟೊ, ಆಲೂಗಡ್ಡೆ ಮಾರುವುದು ಎಲ್ಲಿಗೆ? ಅದಕ್ಕೆ ಸೇರ್ಪಡೆಯ ಒಪ್ಪಂದಕ್ಕೆ ಮೂರನೇ ಪ್ರೋಟೊಕಾಲ್ ಅಂತ ಒಂದು ಚಿಕ್ಕ ಕಾಗದ ಹಚ್ಚಿದರು. ಸಾಮಾನು ಸರಂಜಾಮಿಗೆ ಒಳಗೆ, ಸುಂಕ ಇಲ್ಲ. ಮಿಕ್ಕ ಹೆಚ್ಚಿನದಕ್ಕೆ ಹೊರಗೆ. ಆಲೂಗಡ್ಡೆ ಯುರೋಪಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು, ಅದನ್ನು ಬೆಳೆದವನು ಹೋಗುವ ಹಾಗಿಲ್ಲ. ನಾನು ಇದನ್ನು ಹೇಳಿದರೆ ಜನ ತಮಾಷೆ ಅಂದುಕೊಳ್ಳುತ್ತಾರೆ, ಆದರೆ ಇದ್ದದ್ದು ಹಾಗೇ.

ಇನ್ನು ದ್ವೀಪದವನು ಅಂದರೆ ಯಾರು? ಅದನ್ನೂ ಅಲ್ಲೇ ಬರೆದಿದ್ದರು. ತಾನೋ, ತಂದೆ ತಾಯಿಯೋ, ಅಜ್ಜ ಅಜ್ಜಿಯೋ ದ್ವೀಪದಲ್ಲಿ ಹುಟ್ಟಿದ, ದತ್ತು ಹೋದ ಅಥವಾ ಅಲ್ಲೇ ಪೌರತ್ವ ಪಡೆದ ಕಾರಣಕ್ಕೆ ಬ್ರಿಟಿಷ್ ಪ್ರಜೆ ಆದವನು. ಆದರೆ ಇವರಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಅಥವಾ ಅಲ್ಲಿ ಪೌರತ್ವ ಪಡೆದಿದ್ದರೆ ಅವನು ದ್ವೀಪದವನಲ್ಲ. ಸ್ವತಃ ಯಾವಾಗಲಾದರೂ ಐದು ವರ್ಷ ಬ್ರಿಟನ್ನಿನಲ್ಲಿ ವಾಸ ಮಾಡಿದ್ದರೂ ಅಲ್ಲ. ನಿಮ್ಮ ಸಹೋದ್ಯೋಗಿಯ ಸೌತಾಂಪ್ಟನ್ ಅಜ್ಜಿ, ನಿಮ್ಮ 7 ತಿಂಗಳು, ಎರಡೂ ಬಂದಿದ್ದು ಇಲ್ಲಿಂದಲೇ. ಒಂದೇ ಬೀದಿ, ಒಂದೇ ಶಾಲೆ, ಆದರೆ ಹೆರಿಗೆ ಎಲ್ಲಾಯಿತು ಅನ್ನುವುದರ ಮೇಲೆ ಯುರೋಪಿನ ಬಾಗಿಲು.

ಇದರಲ್ಲಿ ನನಗೆ ಜಾಸ್ತಿ ಉರಿಯುತ್ತಿದ್ದ ವಿಷಯ ಬೇರೆ. ದ್ವೀಪಗಳು ಒಕ್ಕೂಟದ ಪ್ರಜೆಗಳನ್ನೆಲ್ಲ ಸಮಾನವಾಗಿ ನೋಡಬೇಕು ಅಂತ ಅದೇ ಪ್ರೋಟೊಕಾಲ್ ಹೇಳುತ್ತಿತ್ತು. ಹಾಗಾಗಿ ಪೋರ್ಚುಗಲ್, ಪೋಲೆಂಡಿನಿಂದ ಜನ ಬಂದು ನಮ್ಮ ಹೋಟೆಲ್, ಹೊಲಗಳಲ್ಲಿ ಕೆಲಸ ಮಾಡುತ್ತಿದ್ದರು. ಬರಲಿ, ಅವರಿಲ್ಲದೆ ಇಲ್ಲಿ ಏನೂ ನಡೆಯುತ್ತಿರಲಿಲ್ಲ. ಆದರೆ ನಾವು ತಿರುಗಿ ಲಿಸ್ಬನ್‌ಗೆ ಹೋಗಿ ಕೆಲಸ ಕೇಳುವ ಹಾಗಿರಲಿಲ್ಲ. ಜರ್ಸಿಯಲ್ಲಿ ಎಷ್ಟೋ ಪೋರ್ಚುಗೀಸರು ಮದೈರಾ ದ್ವೀಪದವರು, ನಿಮಗೂ ಗೊತ್ತಿರುತ್ತದೆ. ಆಫ್ರಿಕಾಗೆ ಹತ್ತಿರ ಅಟ್ಲಾಂಟಿಕ್ ನಡುವೆ ಇರುವ ಮದೈರಾ ಒಕ್ಕೂಟದ ಒಳಗೆ, ಫ್ರಾನ್ಸಿಗೆ ಕೂಗಳತೆಯ ಜರ್ಸಿ ಹೊರಗೆ!

ಈಗ ನಿಮ್ಮ ಪ್ರಶ್ನೆ. ಬ್ರಿಟನ್ 2020ರ ಜನವರಿ 31ಕ್ಕೆ ಹೊರಬಂತು, ಹಳೇ ನಿಯಮಗಳು ಆ ವರ್ಷದ ಡಿಸೆಂಬರ್ 31ರ ತನಕ ನಡೆದವು. ಆ ರಾತ್ರಿ ಮೂರನೇ ಪ್ರೋಟೊಕಾಲ್ ಕೂಡ ಸತ್ತಿತು. ಪಾಸ್‌ಪೋರ್ಟಿನ ಸಾಲು ಹೋಗಿದ್ದು ನಮಗೆ ಹಕ್ಕು ಬಂತು ಅಂತಲ್ಲ, ಲಂಡನ್ನಿನವರಿಗೂ ಹೋಯಿತು ಅಂತ. ಇವತ್ತು ನಿಮ್ಮ ಮಗಳಿಗೂ ಲೀಡ್ಸ್‌ನಲ್ಲಿ ಹುಟ್ಟಿದ ಹುಡುಗಿಗೂ ಫ್ರಾನ್ಸಿನ ಮುಂದೆ ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಇಬ್ಬರೂ ಹೊರಗಿನವರು. ಇಂಗ್ಲೆಂಡಿನಲ್ಲಿ ಐದಲ್ಲ, ಐವತ್ತು ವರ್ಷ ಇದ್ದರೂ ಅಷ್ಟೇ.

ಅಂದ ಹಾಗೆ 2016ರ ಜನಮತದಲ್ಲಿ ಜಿಬ್ರಾಲ್ಟರ್‌ನವರಿಗೆ ಮತ ಇತ್ತು, ದ್ವೀಪಗಳಿಗೆ ಇರಲಿಲ್ಲ. ಬಿಡುವಾಗ ನಮ್ಮ ಜನರನ್ನು ಯಾರೂ ಕೇಳಲಿಲ್ಲ.


ಕಡಲಂಚಿನವ:

ಮೇಡಂ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹದಿನೈದು ವರ್ಷದಿಂದ ನಾನು ಆ 7 ತಿಂಗಳಿಗೆ ನನ್ನನ್ನೇ ಬೈದುಕೊಂಡಿದ್ದೇನೆ. ಈಗ ನೋಡಿದರೆ ಆ ಅಜ್ಜಿಯ ಮೊಮ್ಮಗನೂ ನಾನೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ. ಖುಷಿ ಪಡಬೇಕಾ, ಅಳಬೇಕಾ ಗೊತ್ತಾಗುತ್ತಿಲ್ಲ.

ಹಾಗಾದರೆ ಮಗಳಿಗೆ ಇರುವ ದಾರಿ ವೀಸಾ ಒಂದೇನಾ? ಅವಳ ಗೆಳತಿಯೊಬ್ಬಳ ಅಪ್ಪ ಅಮ್ಮ ಮದೈರಾದವರು. ಆ ಹುಡುಗಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಇದೆ, ಯಾರನ್ನೂ ಕೇಳದೆ ಹೊರಟಿದ್ದಾಳೆ. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದವರು. ಇದನ್ನು ನನ್ನ ಮಗಳಿಗೆ ಹೇಗೆ ವಿವರಿಸಲಿ ಹೇಳಿ.


ಡಬ್ಲಿನ್ ಹುಡುಗ:

ಅಂಕಲ್, ಐರ್ಲೆಂಡ್ ಯಾಕೆ ಯಾರೂ ಹೇಳ್ತಿಲ್ಲ?

ಬ್ರಿಟನ್, ಐರ್ಲೆಂಡ್, ಚಾನಲ್ ದ್ವೀಪಗಳು, ಐಲ್ ಆಫ್ ಮ್ಯಾನ್ ಸೇರಿ ಒಂದು ಸಾಮಾನ್ಯ ಪ್ರಯಾಣ ವಲಯ ಇದೆ. ಇದು ಐರೋಪ್ಯ ಒಕ್ಕೂಟ ಹುಟ್ಟುವುದಕ್ಕೂ ಮುಂಚಿನದು, 1920ರ ದಶಕದಿಂದ ನಡೆದು ಬಂದದ್ದು, ಬ್ರೆಕ್ಸಿಟ್‌ಗೆ ಅದು ಜಗ್ಗಲಿಲ್ಲ. 2019ರ ಮೇ ತಿಂಗಳಲ್ಲಿ ಎರಡು ಸರ್ಕಾರಗಳೂ ಮತ್ತೆ ಕಾಗದದ ಮೇಲೆ ಸಹಿ ಹಾಕಿದವು. ಬ್ರಿಟಿಷ್ ಪ್ರಜೆ ಇಲ್ಲಿಗೆ ಬಂದು ವೀಸಾ ಇಲ್ಲದೆ, ಪರವಾನಗಿ ಇಲ್ಲದೆ ಇರಬಹುದು, ಕೆಲಸ ಮಾಡಬಹುದು. ಪಾಸ್‌ಪೋರ್ಟ್ ಜರ್ಸಿಯಲ್ಲಿ ಕೊಟ್ಟಿದ್ದಾ, ಲಂಡನ್ನಿನಲ್ಲಿ ಕೊಟ್ಟಿದ್ದಾ ಅನ್ನುವುದು ಲೆಕ್ಕಕ್ಕಿಲ್ಲ. ನನ್ನ ಜತೆ ಗರ್ನ್ಸಿಯ ಹುಡುಗನೊಬ್ಬ ಕೆಲಸ ಮಾಡುತ್ತಾನೆ, ಸೋಮವಾರ ಬಂದ, ಬುಧವಾರ ಕೆಲಸಕ್ಕೆ ಸೇರಿದ. ನಾನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಪರವಾನಗಿಗೆ ತಿಂಗಳುಗಟ್ಟಲೆ ಕಾದವನು, ನನಗೆ ಹೊಟ್ಟೆ ಉರಿದಿದ್ದು ನಿಮಗೆ ಅರ್ಥ ಆಗುತ್ತದೆ.

ಆದರೆ ಒಂದು ಮಾತು. ಐರ್ಲೆಂಡಿನಲ್ಲಿ ಇದ್ದ ಮಾತ್ರಕ್ಕೆ ಫ್ರಾನ್ಸಿಗೆ ಹೋಗಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಈ ವಲಯ ಇರುವುದು ಎರಡು ದೇಶ ಮತ್ತು ಆ ದ್ವೀಪಗಳ ನಡುವೆ ಮಾತ್ರ. ಯುರೋಪಿನ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲದ ಷೆಂಗೆನ್ ವಲಯದಲ್ಲೂ ಐರ್ಲೆಂಡ್ ಇಲ್ಲ. ಇಲ್ಲಿ ಒಟ್ಟು ಐದು ವರ್ಷ ವಾಸ ಮಾಡಿ, ಅದರಲ್ಲಿ ಕೊನೆಯ ಒಂದು ವರ್ಷ ಬಿಡದೆ ಇದ್ದು, ಐರಿಷ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅದು ಸಿಕ್ಕ ದಿನದಿಂದ 27 ದೇಶವೂ ತೆರೆಯುತ್ತದೆ, ಬ್ರಿಟಿಷ್ ಪೌರತ್ವವನ್ನೂ ಬಿಡಬೇಕಾಗಿಲ್ಲ. ನೀವು ಐದು ವರ್ಷ ಎಲ್ಲಾದರೂ ಕಳೆಯಲಿ ಅಂತಿದ್ದರೆ ಇಂಗ್ಲೆಂಡಿನ ಬದಲು ಇಲ್ಲಿ ಕಳೆಯಲಿ. ಬಾಡಿಗೆ ಮನೆ ಸಿಗುವುದು ಮಾತ್ರ ದೇವರಿಗೇ ಪ್ರೀತಿ.


ಉತ್ತರಗಾಳಿ:

ನಾನಿರುವುದು ಕೋಪನ್‌ಹೇಗನ್‌ನಲ್ಲಿ. ಸುಮ್ನೆ ಓದುತ್ತಿದ್ದೆ, ಸಂಜೆಮಲ್ಲಿಗೆಯವರ ಅಜ್ಜಿ ಕಥೆ ನೋಡಿ ಬರೆಯಬೇಕು ಅನ್ನಿಸಿತು.

ಡೆನ್ಮಾರ್ಕಿಗೆ ಸೇರಿದ ಫೆರೋ ದ್ವೀಪಗಳದ್ದೂ ಇಂಥದ್ದೇ ಕಥೆ, ಅದೇ 1973, ಆದರೆ ಗಂಟು ಬೇರೆ ಥರ ಹಾಕಿದ್ದಾರೆ. ಅವರಿಗೆ ಮೀನೇ ಜೀವ. ಒಕ್ಕೂಟದ ಮೀನುಗಾರಿಕೆ ನೀತಿಗೆ ಸಿಕ್ಕಿಹಾಕಿಕೊಳ್ಳಲು ಇಷ್ಟ ಇರಲಿಲ್ಲ, ಹೊರಗೇ ಉಳಿದರು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ಜತೆ ಒಳಗೆ ಹೋಗಿ, 1982ರಲ್ಲಿ ಜನಮತ ಮಾಡಿ, 1985ರಲ್ಲಿ ಹೊರಬಂತು.

ಫೆರೋದವರನ್ನು ಅಳೆಯುವುದು ಅಜ್ಜಿಯಿಂದ ಅಲ್ಲ, ಮನೆ ಎಲ್ಲಿದೆ ಅನ್ನುವುದರಿಂದ. ಫೆರೋದಲ್ಲಿ ವಾಸ ಇರುವ ಡೆನ್ಮಾರ್ಕ್ ಪ್ರಜೆ ಒಕ್ಕೂಟದ ಲೆಕ್ಕದಲ್ಲಿ ಸದಸ್ಯ ದೇಶದ ಪ್ರಜೆ ಅಲ್ಲ. ಅದೇ ಮನುಷ್ಯ ಪೆಟ್ಟಿಗೆ ಕಟ್ಟಿಕೊಂಡು ಕೋಪನ್‌ಹೇಗನ್‌ಗೆ ಬಂದು ನೆಲೆಸಿದರೆ ಉಳಿದ ಡೇನರ ಹಾಗೇ. ನನ್ನ ಕೆಳಗಿನ ಮನೆಯ ಮುದುಕ ಟೋರ್ಸ್‌ಹವ್ನ್‌ನವನು, ದುಡಿದದ್ದೆಲ್ಲ ಹ್ಯಾಂಬರ್ಗ್‌ನಲ್ಲಿ. ನೀವು ಐದು ವರ್ಷ, 7 ತಿಂಗಳು ಅಂತ ಬರೆದದ್ದನ್ನು ಅವನಿಗೆ ಹೇಳಿದರೆ ನಂಬಲೇ ಇಲ್ಲ, ಮೂರು ಸಲ ಹೇಳಿಸಿದ. ನಿಮ್ಮ ಮಗಳಿಗೆ ಇದರಿಂದ ಉಪಯೋಗ ಏನೂ ಇಲ್ಲ, ಕ್ಷಮಿಸಿ.


ಲೆಕ್ಕದ ಮೇಷ್ಟ್ರು:

ಸರಿ, ರೆನ್‌ಗೇ ಹೋಗುತ್ತಾಳೆ ಅಂತ ಇಟ್ಟುಕೊಂಡು ಹೇಳುತ್ತೇನೆ. ನಾನು ನಾಂತ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಈ ಕಾಗದದ ಯುದ್ಧ ಎಲ್ಲ ಮಾಡಿದ್ದೇನೆ.

ವಿದ್ಯಾರ್ಥಿ ವೀಸಾ ಅಂದರೆ ಹೆದರಬೇಡಿ. ಇರುವುದರಲ್ಲಿ ಸುಲಭದ ಬಾಗಿಲು ಅದೇ. ಓದುವಾಗ ವರ್ಷಕ್ಕೆ 964 ಗಂಟೆ ಕೆಲಸ ಮಾಡಬಹುದು, ಅಂದರೆ ಪೂರ್ಣ ಕೆಲಸದ ಶೇಕಡಾ 60. ಇಲ್ಲಿ ಸ್ನಾತಕೋತ್ತರ ಮುಗಿಸಿದರೆ ಕೆಲಸ ಹುಡುಕಲು ಒಂದು ವರ್ಷದ ವಾಸದ ಕಾರ್ಡ್ ಸಿಗುತ್ತದೆ. ಬರೀ ಮೂರು ವರ್ಷದ ಸಾಮಾನ್ಯ ಪದವಿಗೆ ಅದು ಸಿಗುವುದಿಲ್ಲ, ಈ ವಿಷಯದಲ್ಲಿ ಬಹಳ ಮಕ್ಕಳು ಎಡವುತ್ತಾರೆ, ಕೋರ್ಸ್ ಆರಿಸುವಾಗಲೇ ನೋಡಿಕೊಳ್ಳಿ. ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಶುಲ್ಕವೂ ಜಾಸ್ತಿ, ಮಾಫಿ ಇದೆಯಾ ಅಂತ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಫ್ರೆಂಚ್ ಪೌರತ್ವಕ್ಕೆ ಮಾಮೂಲಾಗಿ ಐದು ವರ್ಷದ ವಾಸ ಬೇಕು. ಫ್ರಾನ್ಸಿನಲ್ಲೇ ಎರಡು ವರ್ಷ ಉನ್ನತ ಶಿಕ್ಷಣ ಮುಗಿಸಿ ಪದವಿ ಪಡೆದವರಿಗೆ ಆ ಐದು ಎರಡಕ್ಕೆ ಇಳಿಯುತ್ತದೆ. ಅರ್ಜಿ ಹಾಕಿದವರಿಗೆಲ್ಲ ಕೊಡುತ್ತಾರೆ ಅಂತಲ್ಲ. ಉದ್ಯೋಗ, ಆದಾಯ ಎಲ್ಲ ನೋಡುತ್ತಾರೆ, 2026ರ ಜನವರಿಯಿಂದ ಭಾಷೆಯ ಮಟ್ಟವನ್ನೂ ಬಿ2ಕ್ಕೆ, ಅಂದರೆ ಸರಾಗವಾಗಿ ಮಾತಾಡಿ ಬರೆಯುವ ಹಂತಕ್ಕೆ, ಏರಿಸಿದ್ದಾರೆ. ನಿಮ್ಮ ಮಗಳಿಗೆ ಭಾಷೆಯ ಚಿಂತೆ ಇಲ್ಲ ಅಂದಿರಿ. ಹಾಗಿದ್ದರೆ ಡಬ್ಲಿನ್ ಸುತ್ತಿಕೊಂಡು ಬರುವ ಅಗತ್ಯ ನನಗಂತೂ ಕಾಣುತ್ತಿಲ್ಲ. ಬೇಕಾದ ದೇಶದಲ್ಲೇ ಬೇರು ಬಿಡಲಿ. ಇನ್ನೊಂದು, ಫ್ರಾನ್ಸ್ ಕೊಟ್ಟ ಕೆಲಸದ ಅನುಮತಿ ಫ್ರಾನ್ಸಿಗೆ ಮಾತ್ರ. ಅದನ್ನು ತೋರಿಸಿ ಬೆಲ್ಜಿಯಂನಲ್ಲಿ ಕೆಲಸಕ್ಕೆ ಕೂರಲು ಆಗುವುದಿಲ್ಲ.

ಇದು ನಿಮಗೆ, ಅಂದರೆ ಅಪ್ಪ ಅಮ್ಮನಿಗೆ. ಮಗಳನ್ನು ನೋಡಲು ಹಡಗು ಹತ್ತಿ ಸೇಂಟ್ ಮಾಲೋಗೆ ಬರುತ್ತೀರಲ್ಲ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ, ಅದೂ ಇಡೀ ಷೆಂಗೆನ್ ಸೇರಿ. ಮಾರ್ಚ್‌ನಲ್ಲಿ ಇಟಲಿ ಪ್ರವಾಸ ಮಾಡಿದ್ದರೂ ಇದರಲ್ಲೇ ಕಳೆಯುತ್ತದೆ. ನನ್ನ ಭಾವ ಒಮ್ಮೆ ಬಂದಾಗ ಹೊರಡುವ ಮುದ್ರೆ ಹಾಕುವುದನ್ನೇ ಗಡಿಯವರು ಮರೆತಿದ್ದರು. ಮುಂದಿನ ಸಲ ಬಂದರೆ, ನೀನು ಐದು ತಿಂಗಳಿಂದ ಇಲ್ಲೇ ಇದ್ದೀಯ ಅಂತ ಹಿಡಿದುಕೊಂಡರು, ಹಡಗಿನ ಹಳೇ ಟಿಕೆಟ್ ಮೊಬೈಲಿನಲ್ಲಿ ಸಿಕ್ಕಿದ್ದಕ್ಕೆ ಬಚಾವಾದ. 2025ರ ಅಕ್ಟೋಬರ್ 12ರಿಂದ ಕಂಪ್ಯೂಟರಿನಲ್ಲೇ ಬೆರಳಚ್ಚು, ಫೋಟೊ ತೆಗೆದು ಬರುವ ಹೋಗುವ ದಿನ ದಾಖಲು ಮಾಡುವುದು ಶುರುವಾಗಿದೆ. ಟಿಕೆಟ್ ಮಾತ್ರ ಅಳಿಸಬೇಡಿ. ಮಗಳಿಗೆ ವಿದ್ಯಾರ್ಥಿ ವೀಸಾ ಇದ್ದರೆ ಫ್ರಾನ್ಸಿನಲ್ಲಿ ಇರುವ ದಿನ ಈ 90ರಲ್ಲಿ ಸೇರುವುದಿಲ್ಲ.


ಮ್ಯಾಂಚೆಸ್ಟರ್ ಮಾವ:

ನನ್ನ ಸ್ನೇಹಿತನನ್ನು ಕೇಳಿದೆ. ಅವನು ಹೋಗಿದ್ದು 2014. ಸಂಜೆಮಲ್ಲಿಗೆಯವರು ಹೇಳಿದ್ದೇ ಸರಿ, ನನ್ನ ಸಲಹೆ ವಾಪಸ್.


ಸಂಜೆಮಲ್ಲಿಗೆ:

ಪರವಾಗಿಲ್ಲ ಮಾವ, ನಮ್ಮ ಆಫೀಸಿನಲ್ಲೇ ಇನ್ನೂ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ.

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. 2023ರಿಂದ ಫ್ರೆಂಚರು ಜರ್ಸಿಗೆ ಒಂದು ದಿನದ ಪ್ರವಾಸ ಬರಲು ಪಾಸ್‌ಪೋರ್ಟ್ ಬೇಕಿಲ್ಲ, ಗುರುತಿನ ಚೀಟಿ ಸಾಕು. ಅಂಗಡಿ, ಹೋಟೆಲ್‌ಗಳು ಖಾಲಿ ಹೊಡೆಯುತ್ತಿದ್ದವು ಅಂತ ಮಾಡಿದ್ದು. ನಾವು ಆ ಕಡೆ ಹೋಗಲು ಪಾಸ್‌ಪೋರ್ಟ್ ಬೇಕೇ ಬೇಕು. ನೋಡಿ, ಈಗಲೂ ಅದೇ ಏಕಮುಖ ಸಂಚಾರ.


ಕಡಲಂಚಿನವ:

ಎಲ್ಲರ ಉತ್ತರವನ್ನೂ ಮಗಳ ಮುಂದೆ ಓದಿದೆ. ಫೆರೋ ಮುದುಕನ ಜಾಗಕ್ಕೆ ಬಂದಾಗ ನಕ್ಕಳು. ಅವಳ ಹಳೇ ಪಾಸ್‌ಪೋರ್ಟ್ ತೆಗೆದು ಆ ಸಾಲು ತೋರಿಸಿದೆ, ಮೂಲೆ ಕತ್ತರಿಸಿ ರದ್ದು ಮಾಡಿದ್ದು. ನನಗೆ ಮೂರು ವರ್ಷ ಇದ್ದಾಗಲೇ ಕೆಲಸ ಮಾಡಬೇಡ ಅಂತ ಬರೆದಿದ್ದರಾ ಅಪ್ಪ ಅಂದಳು.

ರೆನ್‌ಗೇ ಅರ್ಜಿ ಹಾಕುವುದು ಅಂತ ಆಯಿತು. ಎರಡು ವರ್ಷದ ಸ್ನಾತಕೋತ್ತರ ಕೂಡ ಇರುವ ವಿಭಾಗವನ್ನೇ ನೋಡುತ್ತಿದ್ದೇವೆ, ಮೇಷ್ಟ್ರಿಗೆ ಥ್ಯಾಂಕ್ಸ್. ಈಗ ಇನ್ನೊಂದು ತಾಪತ್ರಯ. ಕಿಟಕಿಯಿಂದ ಕಾಣುವ ದೇಶಕ್ಕೆ ಹೋಗಲು ವೀಸಾದ ಬೆರಳಚ್ಚು ಕೊಡಲು ಉಲ್ಟಾ ದಿಕ್ಕಿನಲ್ಲಿ ಲಂಡನ್‌ಗೆ ವಿಮಾನ ಹತ್ತಬೇಕು. ಬೇಸಿಗೆಯಲ್ಲಿ ಅಲ್ಲಿ ಎರಡು ರಾತ್ರಿ ಉಳಿಯಲು ಹೋಟೆಲ್ ದರ ನೋಡಿ ತಲೆ ತಿರುಗಿತು.


ಮ್ಯಾಂಚೆಸ್ಟರ್ ಮಾವ:

ಲಂಡನ್ನೇ ಯಾಕೆ ಸರ್, ಫ್ರಾನ್ಸಿನ ವೀಸಾ ಕೇಂದ್ರ ಮ್ಯಾಂಚೆಸ್ಟರ್‌ನಲ್ಲೂ ಇದೆ. ನಮ್ಮ ಮನೆಯಲ್ಲಿ ಮೇಲಿನ ರೂಮು ಖಾಲಿ ಇದೆ, ಅಪ್ಪ ಮಗಳು ಇಬ್ಬರೂ ಬನ್ನಿ. ತಪ್ಪು ಸಲಹೆ ಕೊಟ್ಟಿದ್ದಕ್ಕೆ ದಂಡ ಅಂದುಕೊಳ್ಳಿ. ದಿನಾಂಕ ಸಿಕ್ಕ ಕೂಡಲೇ ನನಗೆ ಮೆಸೇಜ್ ಹಾಕಿ.